70450, 70460 ಎರಡೂ ಒಟ್ಟಿಗೆ ಬೇಡ
ಒಂದೇ ಸಲ ತಲೆಯ ಸಿಟಿ ಸ್ಕ್ಯಾನನ್ನು ಮೊದಲು ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಿ ಕಾಣಲು ಕೊಡುವ ಔಷಧ) ಇಲ್ಲದೆ, ಆಮೇಲೆ ಕಾಂಟ್ರಾಸ್ಟ್ ಕೊಟ್ಟು ಮಾಡಿದ್ದಕ್ಕೆ ಬಿಲ್‌ನಲ್ಲಿ 70450 (ಕಾಂಟ್ರಾಸ್ಟ್ ಇಲ್ಲದ್ದು), 70460 (ಕಾಂಟ್ರಾಸ್ಟ್ ಕೊಟ್ಟದ್ದು) ಎರಡೂ ಕೋಡ್ ಹಾಕಿದ್ದೀರಿ, ಇನ್ಶೂರೆನ್ಸ್ ಕ್ಲೇಮ್ ವಾಪಸ್ ಬಂದಿದೆ, ಅಲ್ವಾ? ತೊಂದರೆ ಅಲ್ಲೇ ಇದೆ. ಅಮೆರಿಕದ ಸಿಪಿಟಿಯಲ್ಲಿ (ವೈದ್ಯಕೀಯ ಸೇವೆಗಳ ಬಿಲ್ ಕೋಡ್‌ಗಳ ಪಟ್ಟಿ) ಈ ಎರಡೂ ಸೇರಿದ ಸ್ಕ್ಯಾನ್‌ಗೆ 70470 ಅಂತ ಬೇರೆ ಕೋಡ್ ಇದೆ, ಅದೊಂದೇ ಸಾಕು. ಆದರೆ ಬದಲಿಸುವ ಮೊದಲು ರೇಡಿಯಾಲಜಿಸ್ಟ್ ವರದಿಯನ್ನು ದಯವಿಟ್ಟು ಪೂರ್ತಿ ಓದಿ, ಏಕೆಂದರೆ ಎರಡೂ ಹಂತ ಮಾಡಿದ್ದು ಅದರಲ್ಲಿ ಸ್ಪಷ್ಟವಾಗಿ ಇರಬೇಕು, ಸ್ಕ್ಯಾನ್‌ಗೆ ಡಾಕ್ಟರ್ ಕೊಟ್ಟ ಆರ್ಡರ್‌ನಲ್ಲಿ ಬರೆದಿದೆ ಅಂತ ಸುಮ್ನೆ ಹಾಕಬಾರದು. ಇದು ನಿಜಕ್ಕೂ ಮುಖ್ಯ. ಕಾಂಟ್ರಾಸ್ಟ್ ಔಷಧಕ್ಕೆ ಬೇರೆ ಕೋಡ್. ಅದು ಕ್ಯೂ9967 ಆಗಿದ್ದರೆ ಒಂದು ಎಂ.ಎಲ್‌ಗೆ ಒಂದು ಯೂನಿಟ್, ಬಾಟಲಿಗೆ ಒಂದಲ್ಲ. 100 ಎಂ.ಎಲ್ ಕೊಟ್ಟಿದ್ದರೆ 100 ಯೂನಿಟ್. ನೀವು ರೇಡಿಯಾಲಜಿಸ್ಟ್ ಸ್ಕ್ಯಾನ್ ಓದಿದ್ದಕ್ಕೆ ಮಾತ್ರ ಬಿಲ್ ಮಾಡುತ್ತಿದ್ದರೆ 70470ಕ್ಕೆ 26 ಮಾಡಿಫೈಯರ್ (ವೈದ್ಯರ ಕೆಲಸಕ್ಕೆ ಮಾತ್ರ ಬಿಲ್ ಅಂತ ತಿಳಿಸುವ ಸೇರ್ಪಡೆ ಸಂಖ್ಯೆ) ಸೇರಿಸಿ, ಔಷಧದ ಕೋಡ್ ಬಿಟ್ಟುಬಿಡಿ.