ಮೀಸೆಯ ಮುಖಪುಟ: ಹನೂರಿನ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

‘ನಾಡಿನ ಕುಖ್ಯಾತ ಪಾತಕಿಗಳು’ ವಿಶೇಷ ಸಂಚಿಕೆ ಓದಿ ನೀವು ಬರೆದ ಪತ್ರ ನಾಲ್ಕು ಪುಟವಿದೆ. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಸಾರಾಂಶ ಇಷ್ಟು: ಮುಖಪುಟದ ತುಂಬ ವೀರಪ್ಪನ್ ಮೀಸೆ, ಅವನು ಕೊಂದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರಿಗೆ ಒಳಪುಟದಲ್ಲಿ ಒಂದೇ ಸಾಲು. ‘ಕಾಡಂಚಿನ ಜನರೇ ಅವನನ್ನು ಸಾಕಿದರು’ ಎಂಬ ಮಾತು ನಿಮ್ಮ ಊರುಗಳಿಗೆ ಬಳಿದ ಮಸಿ. ಇನ್ನು ಮುಂದೆ ಅವನ ಹೆಸರನ್ನೇ ಎತ್ತಬೇಡಿ.

ಮೊದಲನೆಯದಕ್ಕೆ ನನ್ನಲ್ಲಿ ಸಮಜಾಯಿಷಿ ಇಲ್ಲ. ಮೀಸೆ ಇದ್ದರೆ ಸಂಚಿಕೆ ಅಂಗಡಿಯಲ್ಲಿ ಉಳಿಯುವುದಿಲ್ಲ ಎಂಬ ಲೆಕ್ಕದಲ್ಲೇ ಹಾಕಿದ್ದು. (ಉಳಿಯಲೂ ಇಲ್ಲ.) 1986ರಲ್ಲಿ ಕೈಗೆ ಸಿಕ್ಕಿದ್ದ ವೀರಪ್ಪನ್ ತಪ್ಪಿಸಿಕೊಂಡ ಮೇಲೆ ಶ್ರೀನಿವಾಸ್ ಹಿಡಿದದ್ದು ಬೇರೆಯದೇ ದಾರಿ. ಅವನ ಹುಟ್ಟೂರು ಗೋಪಿನಾಥಂನಲ್ಲೇ ಹೋಗಿ ನೆಲೆಸಿದರು, ಜನರಿಗೆ ಔಷಧಿ ಕೊಡಿಸಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು. ಅವರ ಮಾತು ನಂಬಿ ತಂಡದ ಹಲವರು ಶರಣಾದರು. 1991ರ ನವೆಂಬರ್ 10ರಂದು, ತಾನೂ ಶರಣಾಗುವುದಾಗಿ ಹೇಳಿಕಳುಹಿಸಿದವನನ್ನು ಕರೆತರಲು ಬರಿಗೈಯಲ್ಲಿ ಕಾಡಿಗೆ ಹೋದರು. ವೀರಪ್ಪನ್ ತಂಡದವರು ಅವರನ್ನು ಗುಂಡಿಟ್ಟು ಕೊಂದು ತಲೆ ಕಡಿದು ಒಯ್ದರು. ಅದು ಸಿಕ್ಕಿದ್ದು ಮೂರು ವರ್ಷದ ಮೇಲೆ. ಸರ್ಕಾರ ಕೀರ್ತಿಚಕ್ರ ಕೊಟ್ಟಿತು. ಗೋಪಿನಾಥಂನವರು ಗುಡಿಯಲ್ಲಿ ಅವರ ಪಟವಿಟ್ಟು ಕೈಮುಗಿದರು, ವೀರಪ್ಪನ್ ಹುಟ್ಟಿದ ಊರಿನಲ್ಲಿ! ಮುಖಪುಟಕ್ಕೆ ಬರಬೇಕಿದ್ದದ್ದು ಆ ಪಟ.

‘ಸಾಕಿದರು’ ಎಂಬ ಪದ ನನ್ನ ಕಣ್ತಪ್ಪಿ ಹೋದದ್ದಲ್ಲ, ನಾನೇ ತಿದ್ದಿ ಹಾಕಿದ್ದು. ಲೇಖಕರು ‘ಅನ್ನ ಹಾಕಿದರು’ ಎಂದಷ್ಟೇ ಬರೆದಿದ್ದರು. ನನಗೆ ಸಪ್ಪೆ ಎನಿಸಿತು. ರಾತ್ರಿ ಬಂದೂಕು ಹಿಡಿದು ಬಾಗಿಲಿಗೆ ಬಂದವನಿಗೆ ಮುದ್ದೆ ಬಡಿಸುವುದಕ್ಕೂ ಸಾಕುವುದಕ್ಕೂ ಇರುವ ಅಂತರ ಬೆಂಗಳೂರಿನಲ್ಲಿ ಕೂತು ಕರಡು ತಿದ್ದುವವನಿಗೆ ಹೊಳೆಯಲಿಲ್ಲ. 1993ರ ಏಪ್ರಿಲ್ 9ರ ಪಾಲಾರ್ ನೆಲಬಾಂಬ್ ಸ್ಫೋಟದಲ್ಲಿ ಸತ್ತ 22 ಮಂದಿಯಲ್ಲಿ ಹೆಚ್ಚಿನವರು ಪೊಲೀಸರಲ್ಲ, ಸುಳಿವು ಕೊಡಲು ಜೊತೆಗೆ ಹೋಗಿದ್ದವರು. ಸುಳಿವು ಕೊಟ್ಟರೆ ಅವನು ಕೊಲ್ಲುತ್ತಿದ್ದ, ಕೊಡದಿದ್ದರೆ ಅವನನ್ನು ಹಿಡಿಯಲೆಂದೇ ರಚಿಸಿದ್ದ ಪೊಲೀಸ್ ಕಾರ್ಯಪಡೆ ಎಳೆದೊಯ್ಯುತ್ತಿತ್ತು. ನೂರಕ್ಕೂ ಹೆಚ್ಚು ಮಂದಿ ಭಯೋತ್ಪಾದನೆ ತಡೆಯುವ ಟಾಡಾ ಕಾಯ್ದೆಯಡಿ ವರ್ಷಗಟ್ಟಲೆ ಜೈಲಿನಲ್ಲಿ ಕೊಳೆತರು. 2001ರಲ್ಲಿ ಅವರಲ್ಲಿ ಬಹುಪಾಲು ಜನ ಖುಲಾಸೆಯಾದರು. ಕಾರ್ಯಪಡೆಯ ದೌರ್ಜನ್ಯದ ದೂರುಗಳನ್ನು ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು. ಇಷ್ಟೆಲ್ಲ ಗೊತ್ತಿದ್ದೂ ಆ ಪದ ಹಾಕಿದೆ. ಕ್ಷಮಿಸಿ.

ಆದರೆ ಹೆಸರೆತ್ತಬೇಡಿ ಎಂಬುದನ್ನು ಒಪ್ಪಲಾರೆ. ಎತ್ತಿದ್ದು ಸಾಲದು ಎಂದೇ ನನ್ನ ವಾದ. ಗಂಧದ ಮರ ಕಡಿಸಿದವನು ಅವನು ಸರಿ. ತೂಕ ಹಾಕಿ ಕೊಂಡವರು? ಲಾರಿಗೆ ತುಂಬಿಸಿದವರು? ಕಣ್ಣುಮುಚ್ಚಿ ಗೇಟು ಎತ್ತಿದವರು? ಟಿಪ್ಪುವಿನ ಕಾಲದಿಂದ ಗಂಧದ ಮರ ಅರಮನೆಯ ಸೊತ್ತು, ಆಮೇಲೆ ಸರ್ಕಾರದ ಸೊತ್ತು. ರೈತನ ಹಿತ್ತಲಲ್ಲಿ ಹುಟ್ಟಿದ ಮರವೂ, 2001ರ ತಿದ್ದುಪಡಿ ಬರುವ ತನಕ, ಅವನದಾಗಿರಲಿಲ್ಲ. ತನ್ನದಲ್ಲದ ಮರವನ್ನು ಯಾರು ಕಾಯುತ್ತಾರೆ? ಉಸಾಬರಿಯೇ ಬೇಡವೆಂದು ಸಸಿಯಲ್ಲೇ ಕಿತ್ತೆಸೆದವರಿದ್ದಾರೆ. 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿ ಬಳಿ ಆಂಬುಲೆನ್ಸಿನಲ್ಲಿ ವೀರಪ್ಪನ್ ಗುಂಡಿಗೆ ಬಲಿಯಾದಾಗ ನೆಮ್ಮದಿಯ ಉಸಿರು ಬಿಟ್ಟವರು ನಿಮ್ಮ ಊರಿನವರು ಮಾತ್ರ ಆಗಿರಲಾರರು. ನಮ್ಮ ಐದು ಪುಟಗಳಲ್ಲಿ ಆ ಕೊಂಡವರ ಬಗ್ಗೆ ಒಂದು ವಾಕ್ಯವೂ ಇಲ್ಲ. ನೀವು ಹಿಡಿಯದ ತಪ್ಪು ಇದು, ನಾನೇ ಹೇಳಿಬಿಡುತ್ತೇನೆ.

ಇನ್ನೊಂದು ತಿದ್ದುಪಡಿ. 2000ದ ಜುಲೈ 30ರಂದು ರಾಜ್‌ಕುಮಾರ್ ಅವರ ಅಪಹರಣವಾದ ದೊಡ್ಡ ಗಾಜನೂರು ಇರುವುದು ತಮಿಳುನಾಡಿನ ತಾಳವಾಡಿ ಬಳಿ. ನಾವು ಚಾಮರಾಜನಗರ ಜಿಲ್ಲೆ ಎಂದು ಅಚ್ಚು ಹಾಕಿದ್ದೆವು. ಈ ತಪ್ಪು ತೋರಿಸಿ ಹತ್ತಾರು ಪತ್ರಗಳು ಬಂದಿವೆ. ಶ್ರೀನಿವಾಸ್ ಬಗ್ಗೆ ಬಂದದ್ದು ನಿಮ್ಮದೊಂದೇ.

– ಸಂಪಾದಕ