ಹುಬ್ಬಳ್ಳಿಯಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ಅಪ್ಪನನ್ನು ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯಬೇಕು ಅಂದಿದ್ದೀರಿ. ಹುಬ್ಬಳ್ಳಿ–ಮಂಗಳೂರು ವಿಮಾನಕ್ಕೆ ಒಂದು ಕಡೆ 35 ನಿಮಿಷ, ಇನ್ನೊಂದು ಕಡೆ ನಾಲ್ಕು ಗಂಟೆ ಅಂತ ತೋರಿಸುತ್ತಿದೆ, ಯಾವುದು ನಿಜ ಅಂತ ಕೇಳಿದ್ದೀರಿ. ನನ್ನ ಮನೆ ಧಾರವಾಡದಲ್ಲಿ, ಕೆಲಸ ಮಂಗಳೂರಿನಲ್ಲಿ. ಹಾಗಾಗಿ ಈ ಲೆಕ್ಕ ನನಗೆ ಚೆನ್ನಾಗಿ ಗೊತ್ತು.

ಎರಡು ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 267 ಕಿ.ಮೀ. ಎಟಿಆರ್ ಅಂದರೆ ಇಂಥ ಸಣ್ಣ ದೂರಕ್ಕೆ ಓಡಿಸುವ, ರೆಕ್ಕೆಗೆ ಫ್ಯಾನಿನಂಥ ಪ್ರೊಪೆಲರ್ ಇರುವ ಚಿಕ್ಕ ವಿಮಾನ. ಅದು ಗಂಟೆಗೆ 500 ಕಿ.ಮೀ. ಆಸುಪಾಸಿನಲ್ಲಿ ಹಾರುತ್ತದೆ. ಭಾಗಿಸಿದರೆ ಅರ್ಧ ಗಂಟೆ ಬರುತ್ತದೆ ಅಲ್ವಾ? ಆ 35 ನಿಮಿಷ ಬಂದದ್ದು ಹೀಗೆ. ಆದರೆ ವಿಮಾನ ನಿಂತಲ್ಲಿಂದ ರನ್‌ವೇಗೆ ಹೋಗಬೇಕು, ಮೇಲೇರಬೇಕು, ಇಳಿಯುವ ಮೊದಲು ಸುತ್ತು ಹಾಕಿ ರನ್‌ವೇಯ ನೇರಕ್ಕೆ ಬರಬೇಕು. ಇಷ್ಟು ಹತ್ತಿರದ ಊರಿಗೆ ಪೂರ್ತಿ ವೇಗದಲ್ಲಿ ಹಾರುವುದು ಸ್ವಲ್ಪ ಹೊತ್ತು ಮಾತ್ರ. ಹಾಗಾಗಿ ನೇರ ವಿಮಾನ ಇದ್ದರೂ ಒಂದು ಗಂಟೆ ಅಂತಲೇ ಹಿಡಿದುಕೊಳ್ಳಿ.

ನಾಲ್ಕು ಗಂಟೆ ತೋರಿಸುವುದು ಬೆಂಗಳೂರಿನ ಮೇಲೆ ಹೋಗುವ ಟಿಕೆಟ್. ಹುಬ್ಬಳ್ಳಿಯಿಂದ ಬೆಂಗಳೂರಿಗೆ 370 ಕಿ.ಮೀ., ಅಲ್ಲಿಂದ ಮಂಗಳೂರಿಗೆ 306. ಒಟ್ಟು 676, ಅಂದರೆ ನೇರ ದೂರದ ಎರಡೂವರೆ ಪಟ್ಟು! ಮಂಗಳೂರು ಇರುವುದು ಹುಬ್ಬಳ್ಳಿಯ ದಕ್ಷಿಣಕ್ಕೆ. ಸುಮ್ನೆ ಪೂರ್ವಕ್ಕೆ ಹೋಗಿ ಮತ್ತೆ ಪಶ್ಚಿಮಕ್ಕೆ ಬಂದಂತಾಗುತ್ತದೆ. ಸಣ್ಣ ಊರುಗಳ ನಡುವಿನ ನೇರ ವಿಮಾನಗಳು ಕೆಲವು ಕಾಲ ಓಡಿ ನಿಂತುಹೋಗುವುದುಂಟು. ನಿಮ್ಮ ತಾರೀಖಿಗೆ ಇದೆಯಾ ಅಂತ ಮೊದಲು ನೋಡಿ.

ಇದಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ನೀವು ಹೋಗಬೇಕಾದದ್ದು ಮಂಗಳೂರಿಗಲ್ಲ, ಮಣಿಪಾಲಕ್ಕೆ. ಮಂಗಳೂರು ನಿಲ್ದಾಣ ಬಜ್ಪೆಯ ಗುಡ್ಡದ ಮೇಲಿದೆ. ಅಲ್ಲಿ ಇಳಿದು ಮತ್ತೆ ಉತ್ತರಕ್ಕೆ ಸುಮಾರು 60 ಕಿ.ಮೀ. ಟ್ಯಾಕ್ಸಿಯಲ್ಲಿ ವಾಪಸ್ ಬರಬೇಕು. ಹುಬ್ಬಳ್ಳಿಯಿಂದ ರಸ್ತೆಯಲ್ಲಿ ಬಂದರೆ ಮಂಗಳೂರಿಗಿಂತ ಮೊದಲೇ ಉಡುಪಿ ಸಿಗುತ್ತದೆ, ಪಕ್ಕದಲ್ಲೇ ಮಣಿಪಾಲ. ದೂರ 300 ಕಿ.ಮೀ. ಆಸುಪಾಸು, ಕಾರಿನಲ್ಲಿ ಆರೇಳು ಗಂಟೆ. ಬೆಂಗಳೂರಿನ ಮೇಲೆ ಹೋದರೆ ಮನೆ ಬಿಟ್ಟು ಆಸ್ಪತ್ರೆ ಸೇರಲು ಇದಕ್ಕಿಂತ ಜಾಸ್ತಿ ಹೊತ್ತು ಹಿಡಿಯಬಹುದು. ಜೊತೆಗೆ ವಯಸ್ಸಾದವರಿಗೆ ಎರಡೆರಡು ಸಲ ಹತ್ತಿ ಇಳಿಯುವ ತೊಂದರೆ.

ರೈಲನ್ನು ನಂಬಬೇಡಿ. ಘಟ್ಟ ಇಳಿದು ನೇರ ಕರಾವಳಿಗೆ ಬರುವ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಇನ್ನೂ ಆಗಿಲ್ಲ. ಮಂಗಳೂರಿನ ಗಾಡಿ ಅರಸೀಕೆರೆ, ಹಾಸನ, ಸಕಲೇಶಪುರ ಅಂತ ಸುತ್ತಿ ಬರುತ್ತದೆ.

ಹಾಗಾಗಿ ನೇರ ವಿಮಾನ ಸಿಕ್ಕರೆ ಖಂಡಿತ ಹೋಗಿ. ಸಿಗದಿದ್ದರೆ ಬೆಂಗಳೂರಿನ ಟಿಕೆಟ್ ಬೇಡ, ಕಾರು ಮಾಡಿಕೊಳ್ಳಿ. ಮಳೆಗಾಲವಾದರೆ ವಿಮಾನಕ್ಕೂ ರಸ್ತೆಗೂ ಎಚ್ಚರ ಬೇಕು. ಮೋಡ ಕವಿದರೆ ಬಜ್ಪೆಯಲ್ಲಿ ಇಳಿಯಲಾಗದೆ ವಿಮಾನ ಬೇರೆ ಊರಿಗೆ ಹೋಗಬಹುದು. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಗಿತ್ತು. ಆ ತಿಂಗಳುಗಳಲ್ಲಿ ಡಾಕ್ಟರನ್ನು ನೋಡುವ ಹಿಂದಿನ ದಿನವೇ ಮಣಿಪಾಲ ಸೇರಿಕೊಳ್ಳಿ. ವಿಮಾನದಲ್ಲಿ ಹೋಗುವುದಾದರೆ ಟಿಕೆಟ್ ಮಾಡುವಾಗಲೇ ಅಪ್ಪನಿಗೆ ವ್ಹೀಲ್‌ಚೇರ್ ಬೇಕು ಅಂತ ಹೇಳಿಬಿಡಿ. ಎಟಿಆರ್‌ಗೆ ಮೆಟ್ಟಿಲು ಹತ್ತಿಯೇ ಹೋಗಬೇಕಾಗಬಹುದು. ಮೊದಲೇ ತಿಳಿಸಿದ್ದರೆ ಹತ್ತಿಸಲು ಜನ ಬರುತ್ತಾರೆ.