ನಾಮಿನಾಟಿಮ್‌ಗೆ ರಾತ್ರಿ 2 ಗಂಟೆಯ ಕ್ರಾನ್ ಯಾಕೆ ಸರಿಹೋಗಲ್ಲ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಆಫೀಸಿನ ಸರ್ವರ್‌ನಲ್ಲಿ ನಾಮಿನಾಟಿಮ್ (ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಮುಕ್ತ ನಕ್ಷೆಯ ಡೇಟಾದಲ್ಲಿ ವಿಳಾಸ ಹುಡುಕಿಕೊಡುವ ಸಾಫ್ಟ್‌ವೇರ್) ಹಾಕಿದ್ದೀರಿ, ಜಿಯೋಫ್ಯಾಬ್ರಿಕ್‌ನ ಸದರ್ನ್ ಝೋನ್ (ದಕ್ಷಿಣ ಭಾರತದ) ಫೈಲ್ ಇಂಪೋರ್ಟ್ ಮಾಡಿದ್ದೀರಿ, ರಾತ್ರಿ 2 ಗಂಟೆಗೆ ಅಪ್‌ಡೇಟ್ ಆಗಲಿ ಅಂತ ಕ್ರಾನ್ (ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಲಿನಕ್ಸ್ ಸೌಲಭ್ಯ) ಇಟ್ಟಿದ್ದೀರಿ. ಕ್ರಾನ್ ದಿನಾ ಓಡುತ್ತಿದೆ, ಎರರ್ ಇಲ್ಲ. ಆದರೂ ಡೇಟಾ ಯಾವಾಗಲೂ ಒಂದೆರಡು ದಿನ ಹಳೆಯದು. ಸುಮ್ನೆ ಪ್ರತಿ ಭಾನುವಾರ ಪೂರ್ತಿ ಇಂಪೋರ್ಟ್ ಮಾಡಿಬಿಡಲಾ ಅಂತ ಕೇಳಿದ್ದೀರಿ.

ಬೇಡ. ಹಾಗೆ ಮಾಡುವ ಅಗತ್ಯ ಇಲ್ಲ. ನಿಮ್ಮ ಸೆಟಪ್ ಸರಿಯಾಗೇ ಇದೆ, ಸಮಯ ಮಾತ್ರ ತಪ್ಪು.

ಜಿಯೋಫ್ಯಾಬ್ರಿಕ್ ಜರ್ಮನಿಯ ಕಂಪನಿ. ಅವರು ಓಪನ್‌ಸ್ಟ್ರೀಟ್‌ಮ್ಯಾಪ್ ಡೇಟಾವನ್ನು ದಿನಕ್ಕೆ ಒಂದೇ ಸಲ ಕತ್ತರಿಸಿ ಕೊಡುತ್ತಾರೆ. ಅವರ ಡೌನ್‌ಲೋಡ್ ಪುಟ ತೆರೆದು ನೋಡಿ, ಫೈಲಿನ ಪಕ್ಕದಲ್ಲೇ ಈ ಡೇಟಾ ಎಷ್ಟು ಹೊತ್ತಿನವರೆಗಿನದು ಅಂತ ಬರೆದಿರುತ್ತದೆ. ಬೇಸಿಗೆಯಲ್ಲಿ ಅದು ಸುಮಾರು 20:20 ಯುಟಿಸಿ (ಅಂತರರಾಷ್ಟ್ರೀಯ ಪ್ರಮಾಣ ಸಮಯ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ), ಚಳಿಗಾಲದಲ್ಲಿ ಒಂದು ಗಂಟೆ ತಡ. ನಮ್ಮ ಗಡಿಯಾರಕ್ಕೆ ತಂದರೆ ಬೆಳಗಿನ ಜಾವ 1.50 ಅಥವಾ 2.50. ಇದು ಡೇಟಾ ಕತ್ತರಿಸುವ ಹೊತ್ತು, ನಿಮ್ಮ ಕೈಗೆ ಸಿಗುವ ಹೊತ್ತಲ್ಲ. ಇಡೀ ಪ್ರಪಂಚದ ಡೇಟಾವನ್ನು ಖಂಡ, ದೇಶ, ವಲಯ ಅಂತ ತುಂಡು ಮಾಡಿ, ಪ್ರತಿಯೊಂದಕ್ಕೂ ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸದ ಫೈಲ್ ತಯಾರಿಸಿ ಸರ್ವರ್‌ಗೆ ಹಾಕುವಷ್ಟರಲ್ಲಿ ಇನ್ನೂ ಕೆಲವು ಗಂಟೆ ಹೋಗುತ್ತದೆ. ನೀವು 2 ಗಂಟೆಗೆ ಹೋಗಿ ಕೇಳಿದರೆ ಸಿಗುವುದು ಹಿಂದಿನ ರಾತ್ರಿಯದ್ದು, ಅಂದರೆ ಆಗಲೇ 24 ಗಂಟೆ ಹಳೆಯದು. ಅದೇ ಡೇಟಾ ಮುಂದಿನ ರಾತ್ರಿ 2ರವರೆಗೆ ಓಡುತ್ತದೆ. ಆ ಹೊತ್ತಿಗೆ ಅದರ ವಯಸ್ಸು 48 ಗಂಟೆ. ಪೇಪರ್ ಹುಡುಗ ಬರುವ ಮುಂಚೆ ಬಾಗಿಲು ತೆಗೆದು, ಪೇಪರ್ ಬಂದಿಲ್ಲ ಅಂತ ಮುಚ್ಚಿ, ಮಾರನೇ ದಿನ ಅದೇ ಹೊತ್ತಿಗೆ ತೆಗೆದ ಹಾಗೆ ಆಯ್ತು.

ಹಾಗಾದರೆ ಕ್ರಾನ್ ಅನ್ನು ಬೆಳಿಗ್ಗೆ 9ಕ್ಕೆ ಬದಲಾಯಿಸಿದರೆ ಸಾಕಲ್ವಾ ಅನ್ನಬಹುದು. ಬಹುತೇಕ ದಿನ ಸಾಕು. ಆದರೆ ಒಂದು ದಿನ ಅವರ ಕಡೆ ತಡವಾಯಿತು ಅಂದುಕೊಳ್ಳಿ, ಆಗ ಮತ್ತೆ ಇಡೀ ದಿನ ಕೈತಪ್ಪುತ್ತದೆ. ದಿನಕ್ಕೆ ಒಮ್ಮೆ ಕೊಡುವವರ ಹತ್ತಿರ ದಿನಕ್ಕೆ ಒಮ್ಮೆಯೇ ಹೋಗಿ ಕೇಳುವ ಲೆಕ್ಕವೇ ಸರಿಯಿಲ್ಲ. ಆಗಾಗ ಕೇಳುತ್ತಿರಬೇಕು, ಬಂದಿದ್ದರೆ ತಗೊಳ್ಳಬೇಕು, ಇಲ್ಲದಿದ್ದರೆ ಸುಮ್ಮನೆ ವಾಪಸ್ ಬರಬೇಕು. ಅದಕ್ಕೆ ಬೇಕಾದ್ದೆಲ್ಲ ನಾಮಿನಾಟಿಮ್‌ನಲ್ಲೇ ಇದೆ.

(ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಿರಿ.)

ರೆಪ್ಲಿಕೇಶನ್ ಕಮಾಂಡ್ (ಹೊಸ ಬದಲಾವಣೆಗಳನ್ನು ತಂದು ಡೇಟಾಬೇಸಿಗೆ ಸೇರಿಸುವುದು) ಅನ್ನು ಮೂರು ರೀತಿ ಓಡಿಸಬಹುದು. ಏನೂ ಸೇರಿಸದೆ ಕೊಟ್ಟರೆ ನಿಲ್ಲದೆ ಓಡುತ್ತಲೇ ಇರುತ್ತದೆ. ‘--ಕ್ಯಾಚ್-ಅಪ್’ ಕೊಟ್ಟರೆ ಆ ಕ್ಷಣಕ್ಕೆ ಸರ್ವರ್‌ನಲ್ಲಿ ಇರುವ ಬದಲಾವಣೆಗಳನ್ನೆಲ್ಲ ಎಳೆದು ಮುಗಿಸಿ ನಿಲ್ಲುತ್ತದೆ. ‘--ಒನ್ಸ್’ ಕೊಟ್ಟರೆ ಒಂದೇ ಒಂದು ಕಂತು ತಂದು ನಿಲ್ಲುತ್ತದೆ. ನಿಮಗೆ ಬೇಕಾದದ್ದು ಒನ್ಸ್, ಅದನ್ನು ಮತ್ತೆ ಮತ್ತೆ ಎಬ್ಬಿಸಲು ಒಂದು ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ವ್ಯವಸ್ಥೆ) ಟೈಮರ್. ಕ್ಯಾಚ್-ಅಪ್ ಜೊತೆ ಕ್ರಾನ್ ಚೆನ್ನಾಗಿ ಹೊಂದುವುದು ನಿಮ್ಮ ಮೂಲ ಗಂಟೆಗೊಮ್ಮೆ ಅಥವಾ ನಿಮಿಷಕ್ಕೊಮ್ಮೆ ಡೇಟಾ ಕೊಡುವಂಥದ್ದಾಗಿದ್ದರೆ ಮಾತ್ರ. ಆಗ ಒಂದು ಕಂತು ತಡವಾದರೂ ನಷ್ಟ ಒಂದು ಗಂಟೆಯದ್ದು ಅಷ್ಟೆ.

ಮೊದಲು ಪ್ರಾಜೆಕ್ಟ್ ಫೋಲ್ಡರ್‌ನಲ್ಲಿರುವ ಡಾಟ್-ಎನ್ವ್ ಫೈಲ್ ನೋಡಿ. ಅಲ್ಲಿ ಮೂರು ಸೆಟಿಂಗ್ ಮುಖ್ಯ. ರೆಪ್ಲಿಕೇಶನ್ ಯುಆರ್‌ಎಲ್‌ಗೆ ಸದರ್ನ್ ಝೋನ್‌ನದೇ ಅಪ್‌ಡೇಟ್ ಫೋಲ್ಡರ್ ಕೊಡಬೇಕು. ಅಪ್‌ಡೇಟ್ ಇಂಟರ್ವಲ್ 86400 ಸೆಕೆಂಡ್, ಅಂದರೆ ಒಂದು ದಿನ. ರೀಚೆಕ್ ಇಂಟರ್ವಲ್ 900 ಸೆಕೆಂಡ್ ಇರಲಿ, ಇದು ನಿಲ್ಲದೆ ಓಡಿಸುವಾಗ ಲೆಕ್ಕಕ್ಕೆ ಬರುತ್ತದೆ. ಅಪ್‌ಡೇಟ್ ಇಂಟರ್ವಲ್ ಡೀಫಾಲ್ಟ್ ಆಗಿ 75 ಸೆಕೆಂಡ್ ಇರುತ್ತದೆ, ಅದು ನಿಮಿಷಕ್ಕೊಮ್ಮೆ ಬರುವ ಡೇಟಾಕ್ಕೆ ಇಟ್ಟದ್ದು. ಜಿಯೋಫ್ಯಾಬ್ರಿಕ್ ಯುಆರ್‌ಎಲ್ ಕೊಟ್ಟು ಒಂದು ದಿನಕ್ಕಿಂತ ಕಡಿಮೆ ಇಂಟರ್ವಲ್ ಬಿಟ್ಟರೆ ನಾಮಿನಾಟಿಮ್ ಓಡಲು ಒಪ್ಪುವುದೇ ಇಲ್ಲ, ಎರರ್ ಕೊಟ್ಟು ನಿಲ್ಲುತ್ತದೆ. ಪುಕ್ಕಟೆ ಡೇಟಾ ಕೊಡುವವರ ಸರ್ವರ್ ಮೇಲೆ ಹೊರೆ ಬೀಳದಿರಲಿ ಅಂತ ಬರೆದವರೇ ಹಾಕಿದ ಬೇಲಿ ಅದು. ಒಳ್ಳೆಯದೇ.

ಯುಆರ್‌ಎಲ್ ವಿಷಯದಲ್ಲಿ ಇನ್ನೊಂದು ಮಾತು. ಡೀಫಾಲ್ಟ್ ವಿಳಾಸ ಇಡೀ ಭೂಮಿಯ ನಿಮಿಷ-ನಿಮಿಷದ ಬದಲಾವಣೆಗಳದ್ದು. ಇಂಪೋರ್ಟ್ ಮಾಡಿದ್ದು ದಕ್ಷಿಣ ಭಾರತ ಮಾತ್ರ, ಅಪ್‌ಡೇಟ್ ಮಾತ್ರ ಡೀಫಾಲ್ಟ್‌ನಲ್ಲೇ ಉಳಿದಿದೆ ಅಂತಿಟ್ಟುಕೊಳ್ಳಿ. ಆಗ ಎಲ್ಲೋ ಬ್ರೆಜಿಲ್‌ನಲ್ಲಿ ಯಾರೋ ನಿನ್ನೆ ಸೇರಿಸಿದ ಅಂಗಡಿ ನಿಮ್ಮ ಡೇಟಾಬೇಸ್‌ಗೂ ಬಂದು ಕೂರುತ್ತದೆ. ಡಿಸ್ಕ್ ತುಂಬುತ್ತದೆ, ಹುಡುಕಿದಾಗ ಸಂಬಂಧವೇ ಇಲ್ಲದ ಊರು ಬರುತ್ತದೆ. ಹಾಗೆ ಆಗಿದ್ದರೆ ಮಾತ್ರ ಪೂರ್ತಿ ಇಂಪೋರ್ಟ್ ಮಾಡಿ, ಕಸ ಹೆಕ್ಕುತ್ತಾ ಕೂರಬೇಡಿ.

ಯುಆರ್‌ಎಲ್ ಸರಿ ಮಾಡಿದ ಮೇಲೆ ‘ನಾಮಿನಾಟಿಮ್ ರೆಪ್ಲಿಕೇಶನ್ --ಇನಿಟ್’ ಓಡಿಸಿ. ನಿಮ್ಮ ಡೇಟಾಬೇಸಿನ ತಾರೀಖು ನೋಡಿ, ಅಪ್‌ಡೇಟ್‌ಗಳ ಸಾಲಿನಲ್ಲಿ ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ಅದು ಗೊತ್ತುಮಾಡಿಕೊಳ್ಳುತ್ತದೆ. ಮುಂದೆ ಯಾವಾಗ ಮೂಲ ಬದಲಾಯಿಸಿದರೂ ಇನಿಟ್ ಮತ್ತೆ ಓಡಿಸಬೇಕು. ಇಂಪೋರ್ಟ್ ಆಗಿ ಬಹಳ ದಿನ ಆಗಿದ್ದರೆ ಟೈಮರ್ ಹಚ್ಚುವ ಮುಂಚೆ ಒಂದು ಸಲ ಕ್ಯಾಚ್-ಅಪ್ ಕೊಟ್ಟು ಬಾಕಿಯೆಲ್ಲ ಮುಗಿಸಿಬಿಡಿ. ಆಗ ಮ್ಯಾಕ್ಸ್ ಡಿಫ್ (ಒಂದು ಕಂತಿನಲ್ಲಿ ಹೆಚ್ಚೆಂದರೆ ಎಷ್ಟು ಡೇಟಾ ತರಬೇಕು) ಅನ್ನುವ ಸೆಟಿಂಗ್ ಅನ್ನು ತಾತ್ಕಾಲಿಕವಾಗಿ ಏರಿಸಿ, ಥ್ರೆಡ್ಸ್ (ಒಟ್ಟೊಟ್ಟಿಗೆ ನಡೆಯುವ ಕೆಲಸಗಳ ಸಂಖ್ಯೆ) ಕೂಡ ಜಾಸ್ತಿ ಕೊಡಿ. ಡೀಫಾಲ್ಟ್ 50 ಎಂಬಿ ಕಂತಿನಲ್ಲಿ ಅದು ನಿಧಾನ.

ಈಗ ಟೈಮರ್. ಎರಡು ಚಿಕ್ಕ ಫೈಲ್ ಬೇಕು. ಒಂದು ಸರ್ವಿಸ್: ವರ್ಕಿಂಗ್ ಡೈರೆಕ್ಟರಿ ನಿಮ್ಮ ಪ್ರಾಜೆಕ್ಟ್ ಫೋಲ್ಡರ್, ಯೂಸರ್ ನಾಮಿನಾಟಿಮ್, ಎಕ್ಸೆಕ್-ಸ್ಟಾರ್ಟ್‌ನಲ್ಲಿ ನಾಮಿನಾಟಿಮ್ ಕಮಾಂಡಿನ ಪೂರ್ತಿ ಪಾತ್, ಆಮೇಲೆ ‘ರೆಪ್ಲಿಕೇಶನ್ --ಒನ್ಸ್’. ಪೈಥಾನ್ ವರ್ಚುವಲ್ ಎನ್ವಿರಾನ್‌ಮೆಂಟ್‌ನಲ್ಲಿ ಹಾಕಿದ್ದರೆ ಅದರ ಬಿನ್ ಫೋಲ್ಡರ್‌ನಿಂದಲೇ ಪಾತ್ ಕೊಡಿ, ನಿಮ್ಮ ಟರ್ಮಿನಲ್‌ಗೆ ಗೊತ್ತಿರುವ ಪಾತ್ ಸಿಸ್ಟಮ್‌ಡಿಗೆ ಗೊತ್ತಿರುವುದಿಲ್ಲ. ಇನ್ನೊಂದು ಟೈಮರ್: ಆನ್-ಆಕ್ಟಿವ್-ಸೆಕ್ 2, ಆನ್-ಯುನಿಟ್-ಇನ್‌ಆಕ್ಟಿವ್-ಸೆಕ್ 30 ನಿಮಿಷ. ಅಂದರೆ ಹಿಂದಿನ ಓಟ ಮುಗಿದು ಅರ್ಧ ಗಂಟೆ ಆದ ಮೇಲೆ ಮುಂದಿನದು. ಎನೇಬಲ್ ಮಾಡಬೇಕಾದದ್ದು ಟೈಮರ್ ಅನ್ನು, ಸರ್ವಿಸ್ ಅನ್ನಲ್ಲ. ಇಲ್ಲಿ ತುಂಬಾ ಜನ ಎಡವುತ್ತಾರೆ.

ಇದನ್ನೇ ಕ್ರಾನ್‌ನಲ್ಲಿ ಮಾಡಬಾರದಾ? ಮಾಡಬಹುದು, ಆದರೆ ಹಿಂದಿನ ಓಟ ಇನ್ನೂ ನಡೆಯುತ್ತಿದೆಯಾ ಅಂತ ಕ್ರಾನ್ ನೋಡುವುದಿಲ್ಲ. ಹೊತ್ತಾಯಿತಾ, ಇನ್ನೊಂದನ್ನು ಶುರು ಮಾಡುತ್ತದೆ. ಎರಡು ಅಪ್‌ಡೇಟ್ ಒಂದೇ ಡೇಟಾಬೇಸ್ ಮೇಲೆ ಒಟ್ಟಿಗೆ ಬಿದ್ದರೆ ತಲೆನೋವು ಗ್ಯಾರಂಟಿ. ಕ್ರಾನೇ ಬೇಕು ಅಂದರೆ ಎಫ್‌ಲಾಕ್ (ಒಂದು ಓಟ ಮುಗಿಯುವವರೆಗೆ ಇನ್ನೊಂದನ್ನು ಬಿಡದ ಬೀಗ) ಹಾಕಿ. ಸಿಸ್ಟಮ್‌ಡಿಯಲ್ಲಿ ಸರ್ವಿಸ್ ಓಡುತ್ತಿದ್ದರೆ ಟೈಮರ್ ಅದನ್ನು ಮುಟ್ಟುವುದಿಲ್ಲ, ನೀವು ಏನೂ ಮಾಡಬೇಕಿಲ್ಲ.

ಟೈಮರ್ ಹಚ್ಚಿದ ಮೊದಲ ದಿನ ನಿಮಗೆ ಒಂದು ಗಾಬರಿ ಕಾದಿದೆ, ಈಗಲೇ ಹೇಳಿಬಿಡುತ್ತೇನೆ. ಜರ್ನಲ್ (ಸಿಸ್ಟಮ್‌ಡಿಯ ಲಾಗ್) ತೆರೆದರೆ ‘ಮುಂದಿನ ಅಪ್‌ಡೇಟ್‌ಗೆ ಮುಂಚೆ ಇಷ್ಟು ಸಾವಿರ ಸೆಕೆಂಡ್ ಸ್ಲೀಪಿಂಗ್’ ಅನ್ನುವ ಅರ್ಥದ ಒಂದು ಸಾಲು ಕಾಣುತ್ತದೆ, ಆಮೇಲೆ ಗಂಟೆಗಟ್ಟಲೆ ಏನೂ ಇಲ್ಲ. ಸರ್ವಿಸ್ ಮಾತ್ರ ಆಕ್ಟಿವ್ ಅಂತ ತೋರಿಸುತ್ತದೆ. ಹ್ಯಾಂಗ್ ಆಗಿದೆ ಅಂದುಕೊಂಡು ಕಿಲ್ ಮಾಡಬೇಡಿ. ಒನ್ಸ್ ಕೂಡ ಅಪ್‌ಡೇಟ್ ಇಂಟರ್ವಲ್‌ಗೆ ಬೆಲೆ ಕೊಡುತ್ತದೆ. ಡೇಟಾಬೇಸಿನ ತಾರೀಖಿಗೆ 24 ಗಂಟೆ ಆಗುವವರೆಗೆ ಹೊಸದು ಬಂದಿರಲು ಸಾಧ್ಯವೇ ಇಲ್ಲ ಅಂತ ಅದಕ್ಕೆ ಗೊತ್ತು, ಅದಕ್ಕೇ ಮಲಗುತ್ತದೆ. ಬೆಳಗಿನ ಜಾವ ಎದ್ದು ನೋಡುತ್ತದೆ. ಇನ್ನೂ ಬಂದಿಲ್ಲ ಅಂದರೆ ಮುಗಿಸಿ ಹೊರಡುತ್ತದೆ, ಟೈಮರ್ ಅರ್ಧ ಗಂಟೆಗೊಮ್ಮೆ ಮತ್ತೆ ಎಬ್ಬಿಸುತ್ತದೆ. ಫೈಲ್ ಬಂದ ತಕ್ಷಣ ತಗೊಂಡು, ಇಂಡೆಕ್ಸ್ ಮಾಡಿ, ನಂತರದ ಓಟದಲ್ಲಿ ಮತ್ತೆ ನಿದ್ದೆಗೆ ಹೋಗುತ್ತದೆ. ಇಡೀ ದಿನದ ಕಥೆ ಇಷ್ಟೇ, ಗಂಟೆ ಎಷ್ಟು ಅಂತ ನೀವು ಎಲ್ಲೂ ಬರೆಯಲೇ ಇಲ್ಲ ನೋಡಿ.

ಪಿನ್‌ಕೋಡ್ ಹುಡುಕಾಟ ನಿಮಗೆ ಮುಖ್ಯವಾಗಿದ್ದರೆ ಇನ್ನೊಂದು ಕೆಲಸ ಇದೆ. ಪಿನ್‌ಕೋಡ್‌ಗಳ ಜಾಗವನ್ನು ನಾಮಿನಾಟಿಮ್ ಅಲ್ಲಿನ ವಿಳಾಸಗಳಿಂದ ಲೆಕ್ಕ ಹಾಕಿ ಬೇರೆಯಾಗಿ ಇಟ್ಟಿರುತ್ತದೆ. ಅದನ್ನು ಹೊಸದು ಮಾಡಲು ‘ನಾಮಿನಾಟಿಮ್ ರಿಫ್ರೆಶ್ --ಪೋಸ್ಟ್‌ಕೋಡ್ಸ್’ ಓಡಿಸಬೇಕು, ಆದರೆ ಅಪ್‌ಡೇಟ್ ನಡೆಯುತ್ತಿರುವಾಗ ಓಡಿಸಬಾರದು. ಹಾಗಾಗಿ ಇದಕ್ಕೆ ಬೇರೆ ಕ್ರಾನ್ ಇಟ್ಟು ನೇರವಾಗಿ ಕರೆಯಬೇಡಿ. ಸರ್ವಿಸ್‌ನಲ್ಲಿ ಕಮಾಂಡಿನ ಬದಲು ಒಂದು ಚಿಕ್ಕ ಶೆಲ್ ಸ್ಕ್ರಿಪ್ಟ್ ಇಡಿ. ಅದು ಮೊದಲು ಒನ್ಸ್ ಓಡಿಸಲಿ, ಆಮೇಲೆ ಒಂದು ಗುರುತಿನ ಫೈಲ್ ಇದೆಯಾ ನೋಡಲಿ, ಇದ್ದರೆ ಅಳಿಸಿ ಪೋಸ್ಟ್‌ಕೋಡ್ ರಿಫ್ರೆಶ್ ಮಾಡಲಿ. ಆ ಗುರುತಿನ ಫೈಲ್ ಅನ್ನು ದಿನಕ್ಕೊಮ್ಮೆ ಸೃಷ್ಟಿಸುವುದಷ್ಟೇ ಕ್ರಾನಿನ ಕೆಲಸ. ಅದಕ್ಕೆ ರಾತ್ರಿ 2 ಗಂಟೆ ಧಾರಾಳವಾಗಿ ಆಗುತ್ತದೆ, ನಿಮ್ಮ ಹಳೆಯ ಸಾಲನ್ನು ಪೂರ್ತಿ ಅಳಿಸಬೇಕಿಲ್ಲ.

ನೀವು ಡಾಕರ್ (ಸಾಫ್ಟ್‌ವೇರ್ ಅನ್ನು ಕಂಟೇನರ್ ಒಳಗೆ ಕಟ್ಟಿ ಓಡಿಸುವ ಸಾಧನ) ಬಗ್ಗೆ ಹೇಳಿಲ್ಲ. ಒಂದುವೇಳೆ ಮೀಡಿಯಾಗಿಸ್ ಅವರ ಡಾಕರ್ ಇಮೇಜ್ ಆಗಿದ್ದರೆ ಅದರಲ್ಲಿ ಅಪ್‌ಡೇಟ್ ಮೋಡ್ ಅನ್ನುವ ವೇರಿಯಬಲ್ ಇದೆ. ಏನೂ ಕೊಡದಿದ್ದರೆ ಅಪ್‌ಡೇಟೇ ಇಲ್ಲ. ಕಂಟಿನ್ಯುಯಸ್ ಕೊಟ್ಟರೆ ಕಂಟೇನರ್ ಒಳಗೇ ಓಡುತ್ತಿರುತ್ತದೆ, ಸಣ್ಣ ಸೆಟಪ್‌ಗೆ ಅದು ಸಾಕು. ಹೊರಗಿನಿಂದ ಡಾಕರ್ ಎಕ್ಸೆಕ್ ಬಳಸಿ ಟೈಮರ್‌ನಲ್ಲಿ ಓಡಿಸುವುದಾದರೆ ‘-ಐಟಿ’ ತೆಗೆಯಿರಿ. ಕೈಯಾರೆ ಓಡಿಸಿದಾಗ ಚೆನ್ನಾಗಿ ಓಡಿ, ಕ್ರಾನ್‌ನಲ್ಲಿ ಮಾತ್ರ ‘ಟಿಟಿವೈ ಅಲ್ಲ’ (ಅಂದರೆ ಟರ್ಮಿನಲ್ ಇಲ್ಲ) ಅಂತ ಬೈದು ಸಾಯುವುದು ಆ ಎರಡಕ್ಷರದಿಂದ. ಇಮೇಜಿನಲ್ಲಿ ಫ್ರೀಜ್ (ಮುಂದೆ ಅಪ್‌ಡೇಟ್ ಬೇಡ ಅನ್ನುವ ಸೆಟಿಂಗ್) ಆನ್ ಮಾಡಿದ್ದರೆ, ಅಥವಾ ಇಂಪೋರ್ಟ್ ಮಾಡುವಾಗ ‘--ನೋ-ಅಪ್‌ಡೇಟ್ಸ್’ ಕೊಟ್ಟಿದ್ದರೆ, ಅಪ್‌ಡೇಟ್‌ಗೆ ಬೇಕಾದ ಟೇಬಲ್‌ಗಳೇ ಇರುವುದಿಲ್ಲ. ಮತ್ತೆ ಇಂಪೋರ್ಟ್ ಬಿಟ್ಟು ಬೇರೆ ದಾರಿ ಇಲ್ಲ.

‘ಅಪ್‌ಡೇಟ್ ಡಾಟ್ ಪಿಎಚ್‌ಪಿ’ ಓಡಿಸಿ ಅನ್ನುವ ಟ್ಯುಟೋರಿಯಲ್‌ಗಳು ಇನ್ನೂ ಹುಡುಕಾಟದಲ್ಲಿ ಮೇಲೆ ಬರುತ್ತವೆ. ಅವು ಹಳೆಯ ಕಾಲದವು. 2021ರಲ್ಲಿ 3.7 ಬಂದಾಗಿನಿಂದ ಎಲ್ಲವೂ ಒಂದೇ ‘ನಾಮಿನಾಟಿಮ್’ ಕಮಾಂಡಿನಲ್ಲಿದೆ.

ಇನ್ನು ನಿಗಾ. ಕ್ರಾನ್ ಓಡಿತಾ ಅಂತ ನೋಡಿದರೆ ಏನೂ ತಿಳಿಯುವುದಿಲ್ಲ, ನಿಮ್ಮದೂ ದಿನಾ ಓಡುತ್ತಲೇ ಇತ್ತಲ್ವಾ. ನೋಡಬೇಕಾದದ್ದು ಡೇಟಾದ ವಯಸ್ಸು. ನಿಮ್ಮ ಸರ್ವರ್‌ನ ಸ್ಟೇಟಸ್ ಪುಟವನ್ನು ಜೇಸನ್ ಫಾರ್ಮ್ಯಾಟ್‌ನಲ್ಲಿ ಕೇಳಿದರೆ ‘ಡೇಟಾ ಅಪ್‌ಡೇಟೆಡ್’ ಅಂತ ಒಂದು ಸಮಯ ಸಿಗುತ್ತದೆ, ಯುಟಿಸಿಯಲ್ಲಿ. ಅದು ಈಗಿನಿಂದ 48 ಗಂಟೆಗಿಂತ ಹಿಂದೆ ಇದ್ದರೆ ಮೆಸೇಜ್ ಬರುವ ಹಾಗೆ ಮಾಡಿ. 24 ಗಂಟೆಗೆ ಇಟ್ಟರೆ ದಿನಾ ಬೆಳಿಗ್ಗೆ ಸುಳ್ಳು ಅಲಾರಂ ಹೊಡೆಯುತ್ತದೆ, ಎರಡು ವಾರದಲ್ಲಿ ನೀವೇ ಅದನ್ನು ಮ್ಯೂಟ್ ಮಾಡುತ್ತೀರಿ. ಡೇಟಾಬೇಸಿನಲ್ಲೇ ನೋಡಬೇಕಾದರೆ ‘ಇಂಪೋರ್ಟ್ ಸ್ಟೇಟಸ್’ ಅನ್ನುವ ಟೇಬಲ್ ಇದೆ. ತಾರೀಖು, ಸೀಕ್ವೆನ್ಸ್ ನಂಬರ್, ಇಂಡೆಕ್ಸ್ ಮುಗಿದಿದೆಯಾ ಇಲ್ಲವಾ ಮೂರೂ ಒಂದೇ ಸಾಲಿನಲ್ಲಿ ಸಿಗುತ್ತವೆ.

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಅಳಿಸಿದ ಗಡಿ ನಿಮ್ಮಲ್ಲಿ ಇನ್ನೂ ಇದ್ದರೆ ಅದು ಅಪ್‌ಡೇಟಿನ ದೋಷ ಅಲ್ಲ. ತುಂಬಾ ದೊಡ್ಡ ಪ್ರದೇಶ ಡಿಲೀಟ್ ಆದರೆ ನಾಮಿನಾಟಿಮ್ ತಕ್ಷಣ ಅಳಿಸುವುದಿಲ್ಲ, ಪಟ್ಟಿಯಲ್ಲಿ ಬರೆದಿಟ್ಟು ನಿಮಗೆ ಬಿಡುತ್ತದೆ. ಅಂಥ ಡಿಲೀಟ್ ಎಷ್ಟೋ ಸಲ ಯಾರದೋ ಕೈತಪ್ಪು, ಗಂಟೆಗಳಲ್ಲಿ ವಾಪಸ್ ಬರುತ್ತದೆ.

ಭಾನುವಾರದ ಪೂರ್ತಿ ಇಂಪೋರ್ಟ್ ಅಂದಿರಲ್ಲ, ಅದು ಕೆಟ್ಟ ಉಪಾಯ ಅಂತ ನಾನು ಹೇಳುತ್ತಿಲ್ಲ. ವಾರದಷ್ಟು ಹಳೆಯ ಡೇಟಾ ನಡೆಯುತ್ತದೆ, ಡಿಸ್ಕ್ ಜಾಗ ಧಾರಾಳವಾಗಿದೆ ಅನ್ನುವವರಿಗೆ ಅದು ಸರಳ: ಹೊಸ ಹೆಸರಿನ ಡೇಟಾಬೇಸಿಗೆ ಇಂಪೋರ್ಟ್ ಮಾಡಿ, ನಾಲ್ಕು ವಿಳಾಸ ಹುಡುಕಿ ಪರೀಕ್ಷಿಸಿ, ಆಮೇಲೆ ಎಪಿಐ (ಹುಡುಕಾಟಗಳಿಗೆ ಉತ್ತರ ಕೊಡುವ ಭಾಗ) ಅನ್ನು ಅದರ ಕಡೆ ತಿರುಗಿಸಬೇಕು. ಹಳೆಯದರ ಮೇಲೆಯೇ ಮಾಡಲು ಹೋದರೆ ಅಷ್ಟು ಹೊತ್ತು ಸರ್ವಿಸ್ ಬಂದ್. ನಾನು ದಿನದ ಅಪ್‌ಡೇಟ್ ಟೈಮರ್‌ಗೆ ಬಿಟ್ಟು, ದೊಡ್ಡ ವರ್ಶನ್ ಬದಲಾವಣೆ ಬಂದಾಗ ಮಾತ್ರ ಹೀಗೆ ಹೊಸದಾಗಿ ಇಂಪೋರ್ಟ್ ಮಾಡುತ್ತೇನೆ. ಗೋವಾ, ಮಹಾರಾಷ್ಟ್ರವೂ ಬೇಕು ಅಂತ ಮುಂದೆ ಅನ್ನಿಸಿದರೆ ವೆಸ್ಟರ್ನ್ ಝೋನ್ ಸೇರಿಸಲು ಹೋಗಬೇಡಿ, ಎರಡು ಮೂಲಗಳ ಅಪ್‌ಡೇಟ್ ಲೆಕ್ಕ ನೀವೇ ಇಡಬೇಕಾಗುತ್ತದೆ. ಇಡೀ ಭಾರತದ ಫೈಲ್ ಹಾಕಿ, ಯುಆರ್‌ಎಲ್ ಒಂದೇ ಇರುತ್ತದೆ.

ಟೈಮರ್ ಹಾಕಿ ಎರಡು ದಿನ ಬಿಟ್ಟು ಸ್ಟೇಟಸ್ ನೋಡಿ. ಆಗಲೂ ಹಿಂದೆ ಉಳಿದಿದ್ದರೆ ಜರ್ನಲ್‌ನ ಕೊನೆಯ ಕೆಲವು ಸಾಲು ಮತ್ತು ಡಾಟ್-ಎನ್ವ್ ಫೈಲ್ ಇಲ್ಲಿ ಹಾಕಿ, ಪಾಸ್‌ವರ್ಡ್ ಇದ್ದರೆ ತೆಗೆದು.